ಮಾಸಪತ್ರಿಕೆಯನ್ನು ಸವಿಯುವ ಬಗೆ: ಗಡಿನಾಡಿನ ರಸಿಕರಿಗೊಂದು ಕೈಪಿಡಿ

ಕಾವ್ಯ, ಕಾದಂಬರಿ, ನಾಟಕಗಳನ್ನು ಹೇಗೆ ಓದಬೇಕೆಂದು ತಿಳಿಸುವ ಗ್ರಂಥಗಳು ಕನ್ನಡದಲ್ಲಿ ಸಾಕಷ್ಟಿವೆ. ಆದರೆ ಇವೆಲ್ಲವನ್ನೂ ಓದುವ ಅಭ್ಯಾಸವನ್ನೇ ಸಾವಿರಾರು ಮನೆಗಳಲ್ಲಿ ಹುಟ್ಟಿಸಿದ ಸರ್ವವಿಷಯಗಳ ಮಾಸಪತ್ರಿಕೆಯನ್ನು ಒಂದು ಸ್ವತಂತ್ರ ಪ್ರಕಾರವೆಂದು ಗುರುತಿಸಿ, ಅದರ ರಚನೆಯನ್ನು ಬಿಡಿಸಿ ನೋಡಿದವರು ವಿರಳ. ಚಿಕ್ಕೋಡಿ ತಾಲೂಕಿನ ಕರೋಶಿಯಂಥ ಊರಿನಲ್ಲಿ, ಅಥವಾ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ, ಕನ್ನಡ ಓದನ್ನು ಹೊಸದಾಗಿ ಕೈಗೆತ್ತಿಕೊಳ್ಳುವವರಿಗೆ ಈ ಪ್ರಕಾರದಷ್ಟು ಒಳ್ಳೆಯ ಹೆಬ್ಬಾಗಿಲು ಬೇರೊಂದಿಲ್ಲ. ಅದನ್ನು ಬಿಡಿ ಬರಹಗಳ ಕಂತೆಯೆಂದು ಬಗೆಯದೆ, ಸಂಪಾದಕನು ಕಟ್ಟಿದ ಒಂದು ಕೃತಿಯೆಂದು ಓದಿದಾಗಲೇ ಅದರ ಪೂರ್ಣ ರುಚಿ ದಕ್ಕುತ್ತದೆ.

ಪ್ರಕಾರದ ಹಿನ್ನೆಲೆ

ಉತ್ತರ ಕರ್ನಾಟಕದಲ್ಲಿ ಮಾಸಪತ್ರಿಕೆಯ ಪರಂಪರೆ ಹಳೆಯದು. 1890ರಲ್ಲಿ ಸ್ಥಾಪನೆಯಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು 1896ರಲ್ಲಿ ‘ವಾಗ್ಭೂಷಣ’ವನ್ನು ಹೊರತಂದಿತು, ಮುಂದೆ ಆಲೂರ ವೆಂಕಟರಾಯರ ‘ಜಯಕರ್ನಾಟಕ’ವೂ, ಗೋಕಾಕ ಸೀಮೆಯವರಾದ ಬೆಟಗೇರಿ ಕೃಷ್ಣಶರ್ಮರ ‘ಜಯಂತಿ’ಯೂ ಬಂದವು. ಇವುಗಳ ಮುಖ್ಯ ಗುರಿ ನಾಡು, ನುಡಿ, ಸಾಹಿತ್ಯಗಳ ಜಾಗೃತಿಯಾಗಿತ್ತು. ಜಗತ್ತಿನ ಯಾವ ವಿಷಯವಾದರೂ ಸರಿ, ಅದನ್ನು ಸಾಮಾನ್ಯ ಓದುಗನಿಗೆ ತಿಳಿಯುವ ಕನ್ನಡದಲ್ಲಿ, ಕೈಯಲ್ಲಿ ಹಿಡಿಯಬಹುದಾದ ಕಿರುಗಾತ್ರದಲ್ಲಿ ಕೊಡಬೇಕೆಂಬ ಹಂಬಲದಿಂದ 1956ರಲ್ಲಿ, ಅಂದರೆ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ ಸೀಮೆಯು ಏಕೀಕೃತ ರಾಜ್ಯಕ್ಕೆ ಸೇರಿದ ವರ್ಷದಲ್ಲೇ, ಹುಬ್ಬಳ್ಳಿಯಲ್ಲಿ ‘ಕಸ್ತೂರಿ’ ಆರಂಭವಾಯಿತು. ‘ಸಂಯುಕ್ತ ಕರ್ನಾಟಕ’ ದಿನಪತ್ರಿಕೆಯನ್ನು ನಡೆಸುತ್ತಿದ್ದ ಲೋಕಶಿಕ್ಷಣ ಟ್ರಸ್ಟ್ ಅದರ ಪ್ರಕಾಶಕ ಸಂಸ್ಥೆ. ಉಡುಪಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆಸಿದ ಪಾ.ವೆಂ. ಆಚಾರ್ಯರು ಅದಕ್ಕೆ ರೂಪ ಕೊಟ್ಟ ಸಂಪಾದಕರು.

ಅದರ ಮಾದರಿ ಅಮೆರಿಕದಲ್ಲಿ 1922ರಲ್ಲಿ ಹುಟ್ಟಿದ ‘ರೀಡರ್ಸ್ ಡೈಜೆಸ್ಟ್’. ಡೈಜೆಸ್ಟ್ ಎಂದರೆ ಬೇರೆಡೆ ವಿಸ್ತಾರವಾಗಿ ಪ್ರಕಟವಾದುದನ್ನು ಆಯ್ದು, ಸಂಗ್ರಹಿಸಿ, ಓದಲು ಹಗುರಗೊಳಿಸಿ ಕೊಡುವ ಪತ್ರಿಕೆ. ಆದರೆ ಆಚಾರ್ಯರು ಅದರ ಚೌಕಟ್ಟನ್ನಷ್ಟೇ ತೆಗೆದುಕೊಂಡು, ಹರಟೆ, ಶಬ್ದವಿಚಾರ, ಸ್ವತಂತ್ರ ಲೇಖನಗಳಿಂದ ಅದನ್ನು ಕನ್ನಡದ್ದನ್ನಾಗಿ ಮಾಡಿದರು. ಗಡಿಯಾಚೆಯ ಮರಾಠಿಯಲ್ಲೂ ಇದಕ್ಕೆ ನೆರೆಯ ಬಂಧುಗಳಿದ್ದವು. ಈಗಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ 1920ರಲ್ಲಿ ಕಾರ್ಖಾನೆಯ ವಾರ್ತಾಪತ್ರವಾಗಿ ಹುಟ್ಟಿದ ‘ಕಿರ್ಲೋಸ್ಕರ್’ ಕಾಲಕ್ರಮದಲ್ಲಿ ಮಹಾರಾಷ್ಟ್ರದ ಮನೆಮಾತಾದ ಮಾಸಿಕವಾಯಿತು. ಎರಡೂ ಭಾಷೆ ಬಲ್ಲ ಚಿಕ್ಕೋಡಿ ಸೀಮೆಯ ಓದುಗರಿಗೆ ಈ ಎರಡು ಪರಂಪರೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಅಪೂರ್ವ ಅನುಕೂಲವಿದೆ.

ಸಂಚಿಕೆಯ ಅಂಗಗಳು

ಇಂಥ ಮಾಸಿಕದ ಮೊದಲ ಅಂಗ ಮಾಹಿತಿ ಲೇಖನ. ವಿಜ್ಞಾನ, ಇತಿಹಾಸ, ಆರೋಗ್ಯ, ಪ್ರವಾಸ, ವ್ಯಕ್ತಿಚಿತ್ರ ಎಂಬ ನಾನಾ ವಿಷಯಗಳ ಈ ಲೇಖನಗಳನ್ನು ಅಳೆಯಬೇಕಾದುದು ವಿಷಯದ ಹೊಸತನದಿಂದಲ್ಲ, ಏಕೆಂದರೆ ಹೊಸತನ ಬೇಗ ಹಳೆಯದಾಗುತ್ತದೆ. ಕಠಿಣ ಸಂಗತಿಯೊಂದನ್ನು ಪಾರಿಭಾಷಿಕ ಪದಗಳ ಗೋಜಿಲ್ಲದೆ, ಆದರೆ ಸತ್ಯಕ್ಕೆ ಧಕ್ಕೆ ತಾರದೆ, ಲೇಖಕನು ಎಷ್ಟು ಮೆಟ್ಟಿಲುಗಳಲ್ಲಿ ಓದುಗನಿಗೆ ಮುಟ್ಟಿಸಿದ್ದಾನೆ ಎಂಬುದರಿಂದ.

ಎರಡನೆಯದು ಹರಟೆ. ಸಣ್ಣದೊಂದು ವಿಷಯವನ್ನು ಹಿಡಿದು, ಮಾತಿನ ಲಹರಿಯಲ್ಲಿ ಅತ್ತಿತ್ತ ಸುತ್ತಿ, ನಗಿಸುತ್ತಲೇ ವಿಚಾರಕ್ಕೆ ಹಚ್ಚುವ ಲಘು ಪ್ರಬಂಧವೇ ಹರಟೆ. ಆಚಾರ್ಯರು ‘ಲಾಂಗೂಲಾಚಾರ್ಯ’ ಎಂಬ ಕಾವ್ಯನಾಮದಲ್ಲಿ ಬರೆದ ಹರಟೆಗಳು ಈ ಪ್ರಕಾರಕ್ಕೆ ಒಳ್ಳೆಯ ಉದಾಹರಣೆ. ಹರಟೆಯನ್ನು ಓದುವಾಗ ಲೇಖಕನು ಮುಖ್ಯ ವಿಷಯದಿಂದ ಎಲ್ಲಿ ಜಾರಿದ, ಮತ್ತೆ ಯಾವ ನೆವದಿಂದ ಅಲ್ಲಿಗೇ ಮರಳಿದ ಎಂಬುದನ್ನು ಗಮನಿಸುವುದೇ ಅದರ ಸೊಗಸನ್ನು ಅರಿಯುವ ದಾರಿ.

ಮೂರನೆಯದು ಅಂಕಣ, ಅಂದರೆ ಸಂಚಿಕೆಯಿಂದ ಸಂಚಿಕೆಗೆ ಒಂದೇ ಹೆಸರಿನಲ್ಲಿ ಮುಂದುವರಿಯುವ ಸ್ಥಿರ ವಿಭಾಗ. ಪದಗಳ ಮೂಲ ಮತ್ತು ಅರ್ಥವ್ಯತ್ಯಾಸಗಳನ್ನು ಶೋಧಿಸಿದ ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಮುಂದೆ ಗ್ರಂಥವಾಗಿಯೂ ನಿಂತಿತು. ‘ತುಷಾರ’ ಮಾಸಿಕವು ಒಂದು ಚಿತ್ರವನ್ನು ಮುದ್ರಿಸಿ ಓದುಗರಿಂದಲೇ ಕವಿತೆ ಬರೆಯಿಸುವ ‘ಚಿತ್ರ-ಕವನ’ದಿಂದ ಹಲವರ ಕೈಗೆ ಲೇಖನಿ ಕೊಟ್ಟಿತು. ಒಂದೇ ಸಂಚಿಕೆಯಿಂದ ಅಂಕಣದ ಬೆಲೆ ಕಟ್ಟಲಾಗದು. ಅದಕ್ಕೆ ಕನಿಷ್ಠ ಆರು ತಿಂಗಳ ಒಡನಾಟ ಬೇಕು.

ನಾಲ್ಕನೆಯದು, ಹೊಸಬರ ಕಣ್ಣಿಗೆ ಬೀಳದಿದ್ದರೂ ಅತ್ಯಂತ ಕುಶಲವಾದ ಅಂಗವೆಂದರೆ ತುಂಬುಬರಹ. ಲೇಖನವೊಂದು ಪುಟದ ಮುಕ್ಕಾಲು ಭಾಗದಲ್ಲಿ ಮುಗಿದರೆ ಉಳಿಯುವ ಖಾಲಿ ಜಾಗವನ್ನು ನಗೆಹನಿಯಿಂದಲೋ, ಸುಭಾಷಿತದಿಂದಲೋ, ಮೂರು ಸಾಲಿನ ವಿಸ್ಮಯದ ಸುದ್ದಿಯಿಂದಲೋ ತುಂಬುತ್ತಾರೆ. ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಪುಟ ಸರಿದೂಗಿಸಲು ಇದು ಅನಿವಾರ್ಯವಾಗಿತ್ತು. ಆದರೆ ಒಳ್ಳೆಯ ಸಂಪಾದಕನು ಅನಿವಾರ್ಯವನ್ನೇ ಅವಕಾಶ ಮಾಡಿಕೊಂಡು, ಗಂಭೀರ ಲೇಖನದ ಭಾರವನ್ನು ಇಳಿಸುವ ಅಥವಾ ಅದರ ವಾದಕ್ಕೆ ಅಡ್ಡಮಾತು ಹೇಳುವ ತುಣುಕನ್ನೇ ಅಲ್ಲಿ ಇಡುತ್ತಾನೆ. ತುಂಬುಬರಹವನ್ನು ಅದರ ಮೇಲಿನ ಲೇಖನದೊಂದಿಗೆ ಕೂಡಿಸಿ ಓದಿದವರಿಗೆ ಸಂಪಾದಕನ ಕೈ ಕಾಣಿಸುತ್ತದೆ.

ಪುಸ್ತಕ ವಿಭಾಗದ ಪರೀಕ್ಷೆ

‘ಕಸ್ತೂರಿ’ಯ ಸಂಚಿಕೆಯ ಕೊನೆಗೆ ಬರುವ ‘ಪುಸ್ತಕ ವಿಭಾಗ’ವು ಇಡೀ ಗ್ರಂಥವೊಂದನ್ನು ಕೆಲವೇ ಪುಟಗಳಲ್ಲಿ ಸಂಗ್ರಹಿಸಿ ಕೊಡುವ ವಿಭಾಗ. ಗ್ರಂಥಾಲಯ ದೂರವಾಗಿದ್ದ, ಪುಸ್ತಕದ ಬೆಲೆ ಎಟುಕದಿದ್ದ ಹಳ್ಳಿಯ ಓದುಗನಿಗೆ ಜಗತ್ತಿನ ಗ್ರಂಥಗಳ ಪರಿಚಯವನ್ನು ತಿಂಗಳಿಗೊಂದರಂತೆ ಮಾಡಿಸಿದ ಈ ವಿಭಾಗವನ್ನು ನಿಧಾನವಾಗಿ, ಎಚ್ಚರದಿಂದ ಓದಬೇಕು.

ಸಂಗ್ರಹಕಾರನ ಮುಂದಿರುವ ದಾರಿಗಳು ಎರಡು: ಕಥೆಯ ಎಳೆಯನ್ನೆಲ್ಲ ಉಳಿಸಿಕೊಂಡು ವರ್ಣನೆ, ಸಂಭಾಷಣೆಗಳನ್ನು ಕತ್ತರಿಸುವುದು ಒಂದು, ಕೆಲವು ಪ್ರಸಂಗಗಳನ್ನು ಪೂರ್ಣವಾಗಿ ಉಳಿಸಿ, ನಡುವಿನ ಭಾಗವನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಸುವುದು ಇನ್ನೊಂದು. ಮೊದಲನೆಯದರಲ್ಲಿ ಘಟನೆ ತಿಳಿಯುತ್ತದೆ, ಆದರೆ ಪಾತ್ರಗಳ ಉಸಿರು ನಿಲ್ಲುತ್ತದೆ. ಎರಡನೆಯದರಲ್ಲಿ ಪಾತ್ರಗಳು ಬದುಕುತ್ತವೆ. ಈ ವ್ಯತ್ಯಾಸವನ್ನು ಅರಿಯಲು ಗಡಿನಾಡಿನವರೇ ಆದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ವನ್ನು ಮನಸ್ಸಿನಲ್ಲಿಟ್ಟು ಯೋಚಿಸಬಹುದು. ಶೇಡಬಾಳದ ಅಣ್ಣಾರಾಯರು ಈ ಸೀಮೆಯ ಆಡುನುಡಿಯಲ್ಲಿ ರಚಿಸಿದ ಆ ಕಾದಂಬರಿಯ ಕಥೆಯನ್ನು ನಾಲ್ಕು ಪುಟಗಳಲ್ಲಿ ಹೇಳಿಬಿಡಬಹುದು. ಆದರೆ ಅಲ್ಲಿನ ಜನರ ಮಾತನ್ನು ಕೈಬಿಟ್ಟ ಸಂಗ್ರಹದಲ್ಲಿ ಕೃತಿಯ ಜೀವವೇ ಉಳಿಯದು. ಆದ್ದರಿಂದ ಓದುಗನು ಯಾವುದೇ ಸಂಗ್ರಹವನ್ನು ಓದಿ ಮುಗಿಸಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮೂಲವನ್ನು ಹುಡುಕಿ ಓದಬೇಕೆಂಬ ಹಸಿವು ಹುಟ್ಟಿತೇ? ಹುಟ್ಟಿದ್ದರೆ ಸಂಗ್ರಹ ಗೆದ್ದಿದೆ; ಮೂಲದ ಅಗತ್ಯವೇ ಇಲ್ಲವೆನಿಸಿದರೆ ಅದು ಸೋತಿದೆ.

ಓದುವ ಕ್ರಮ

ಹೊಸ ಓದುಗರು ಮೊದಲು ಪರಿವಿಡಿಯನ್ನು ಓದಬೇಕು. ಯಾವುದರ ಪಕ್ಕದಲ್ಲಿ ಯಾವುದು ಬಂದಿದೆ ಎಂಬ ನೆರೆಹೊರೆಯಲ್ಲೇ ಸಂಚಿಕೆಯ ವಿನ್ಯಾಸ ಅಡಗಿರುತ್ತದೆ. ಉತ್ತಮ ಮಾಸಿಕವು ಹಬ್ಬದೂಟದ ಎಲೆಯಂತೆ, ಉಪ್ಪಿನಿಂದ ಹೋಳಿಗೆಯವರೆಗೆ ಪ್ರತಿಯೊಂದಕ್ಕೂ ಅದರದೇ ಸ್ಥಾನವನ್ನು ಕೊಟ್ಟಿರುತ್ತದೆ. ಎರಡನೆಯದಾಗಿ, ಪ್ರತಿ ಸಂಚಿಕೆಯಲ್ಲೂ ತಮಗೆ ಆಸಕ್ತಿಯೇ ಇಲ್ಲದ ಒಂದು ವಿಷಯದ ಲೇಖನವನ್ನು ಕಡ್ಡಾಯವಾಗಿ ಓದಬೇಕು. ಕಬ್ಬು ಬೆಳೆಯುವ ರೈತನಿಗೆ ಖಗೋಳದ ಲೇಖನವನ್ನೂ, ಶಾಲೆಯ ಶಿಕ್ಷಕಿಗೆ ಕುಸ್ತಿಯ ಇತಿಹಾಸವನ್ನೂ ಒಂದೇ ಹೊದಿಕೆಯೊಳಗೆ ಒದಗಿಸುವುದೇ ಈ ಪ್ರಕಾರದ ದೊಡ್ಡ ಕಾಣಿಕೆ. ಬೇಕಾದುದನ್ನಷ್ಟೇ ಮುಂದಿಡುವ ಮೊಬೈಲ್ ಪರದೆಯಿಂದ ದೊರೆಯದ ಲಾಭವಿದು. ಮೂರನೆಯದಾಗಿ, ಸಂಚಿಕೆಯನ್ನು ಒಂದೇ ರಾತ್ರಿಗೆ ಮುಗಿಸದೆ ತಿಂಗಳಿಡೀ ಹಂಚಿಕೊಂಡು ಓದುವುದು ಲೇಸು.

ಗಡಿನಾಡಿನ ಓದುಗರಿಗೆ ಇನ್ನೊಂದು ಮಾತು ಸಲ್ಲುತ್ತದೆ. ಮನೆಯಲ್ಲಿ ಮರಾಠಿ ಬೆರೆತ ಗಡಿಗನ್ನಡ, ಶಾಲೆಯಲ್ಲಿ ಪಠ್ಯದ ಕನ್ನಡ ಎಂಬ ಎರಡು ನುಡಿಗಳ ನಡುವೆ ಬೆಳೆಯುವವರಿಗೆ, ಅಭಿಮಾನದ ಘೋಷಣೆಗಳಿಗಿಂತ ಹೆಚ್ಚಾಗಿ, ಪ್ರತಿ ತಿಂಗಳೂ ಓದಲು ಸಿಗುವ ತಿಳಿಯಾದ ಗದ್ಯವೇ ಭಾಷೆಯನ್ನು ತಮ್ಮದಾಗಿಸುತ್ತದೆ. ಹಳೆಯ ಸಂಚಿಕೆಗಳನ್ನು ಕಟ್ಟಿಟ್ಟುಕೊಂಡಿರುವ ಹಿರಿಯರು ಅವನ್ನು ರದ್ದಿಗೆ ಹಾಕದೆ ಊರಿನ ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಕೊಡಲಿ. ಕಿರಿಯರು ಒಂದು ಮಾಸಿಕಕ್ಕಾದರೂ ವಾರ್ಷಿಕ ಚಂದಾ ಕಟ್ಟಿ, ಹನ್ನೆರಡು ಸಂಚಿಕೆಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಸಂಪಾದಕರಿಗೆ ಪತ್ರ ಬರೆದು ತಿಳಿಸಲಿ. ಓದುಗರು ಜಾಗೃತರಾಗಿದ್ದಾಗಲೇ ಪತ್ರಿಕೆ ಒಳ್ಳೆಯದಾಗಿ ಉಳಿಯುತ್ತದೆ.