‘ಪರವಾಗಿಲ್ಲ’ಕ್ಕೆ ಸೊನ್ನೆ ಅಂಕ

‘ಐ, ಡೇನಿಯಲ್ ಬ್ಲೇಕ್’ ಸಿನಿಮಾ ಶುರುವಾಗುವಾಗ ಪರದೆ ಪೂರ್ತಿ ಕಪ್ಪು. ಬರೀ ದನಿಗಳು. ಒಬ್ಬ ಹೆಂಗಸು ಕೈ ಎತ್ತಕ್ಕಾಗುತ್ತಾ, ತಲೆಗೆ ಟೋಪಿ ಹಾಕ್ಕೊಳ್ಳೋಕಾಗುತ್ತಾ ಅಂತ ಒಂದಾದ ಮೇಲೊಂದು ಪ್ರಶ್ನೆ ಕೇಳ್ತಾ ಹೋಗ್ತಾಳೆ. ಉತ್ತರ ಕೊಡೋ ಮನುಷ್ಯ ಹೃದಯಾಘಾತ ಆಗಿ ಮನೆಯಲ್ಲಿ ಕೂತವನು. ನನ್ನ ತೊಂದರೆ ಇರೋದು ಎದೆಯಲ್ಲಿ, ಅದರ ಬಗ್ಗೆ ಮಾತಾಡೋಣವಾ ಅಂತ ಅವನ ಗೋಳು. 2017ರಲ್ಲಿ ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಸ್ನೇಹಿತರ ಜೊತೆ ಕೂತು ನೋಡಿದಾಗ ಈ ಭಾಗಕ್ಕೆ ನಾವೆಲ್ಲ ನಕ್ಕಿದ್ದೆವು. ಕೊನೆಗೆ ಅತ್ತೆವು ಕೂಡಾ. ಕೆನ್ ಲೋಚ್ ನಿರ್ದೇಶನ, ಪಾಲ್ ಲ್ಯಾವರ್ಟಿ ಚಿತ್ರಕಥೆ, 2016ರ ಕಾನ್ ಉತ್ಸವದಲ್ಲಿ ಪಾಮ್ ದೋರ್. ಐದಕ್ಕೆ ಐದು ಕೊಟ್ಟು ಮಲಗಿದ್ದೆ.

ಅದಾದ ಮೇಲೆ ಅದೇ ಸಿನಿಮಾವನ್ನ ಇನ್ನೊಮ್ಮೆ, ಬರ್ಮಿಂಗ್‌ಹ್ಯಾಮಿನಲ್ಲಿ, ನನ್ನ ದೊಡ್ಡಮ್ಮನ ಪಕ್ಕದಲ್ಲಿ ಕೂತು ನೋಡಿದೆ. ಈಗ ಐದು ಕೊಡಲಾರೆ. ಯಾಕೆ ಅಂತ ಹೇಳೋಕೆ ಈ ಬರಹ.

ದೊಡ್ಡಮ್ಮ ಹುಟ್ಟಿದ್ದು 1952ರಲ್ಲಿ, ತಿಪಟೂರಿನ ಹತ್ತಿರ. ಮೂರನೇ ವಯಸ್ಸಿಗೆ ಪೋಲಿಯೊ, ಬಲಗಾಲು ಹೋಯಿತು. ದೊಡ್ಡಪ್ಪ ಡಾಕ್ಟರು. ಆ ಕಾಲದ ಬಹಳ ಕನ್ನಡದ ಡಾಕ್ಟರುಗಳ ಹಾಗೆ ಅವರೂ ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು, ಇವರನ್ನೂ ಕರೆದುಕೊಂಡು. ಅಲ್ಲಿ ಓಡಾಡಲು ಕಷ್ಟ ಇರುವವರಿಗೆ ಮೊಬಿಲಿಟಿ ಅಲೊವೆನ್ಸ್ ಅಂತ ಒಂದು ಭತ್ಯೆ ಇತ್ತು. ದೊಡ್ಡಮ್ಮನಿಗೆ ಅದು ಸಿಕ್ಕಿತು. 1992ರಲ್ಲಿ ಅದು ಹೋಗಿ ಡಿಸಬಿಲಿಟಿ ಲಿವಿಂಗ್ ಅಲೊವೆನ್ಸ್, ಅಂದರೆ ಡಿಎಲ್‌ಎ ಬಂತು. ದೊಡ್ಡಮ್ಮನ ಪಾಲಿಗೆ ಹೆಸರು ಬದಲಾಯಿತು ಅಷ್ಟೇ. ಅವಧಿ ಅಂತ ಏನೂ ಇರಲಿಲ್ಲ. ಹೋದ ಕಾಲು ವಾಪಸ್ ಬರಲ್ಲ ಅನ್ನೋದು ಅವರಿಗೂ ಗೊತ್ತು, ಕೊಡೋರಿಗೂ ಗೊತ್ತು.

2013ರಲ್ಲಿ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಬಂತು, ಜನ ಅದನ್ನ ಪಿಪ್ ಅಂತಾರೆ. ಡಿಎಲ್‌ಎಯಲ್ಲಿ ಇದ್ದ ದೊಡ್ಡವರೆಲ್ಲ ಇದಕ್ಕೆ ಬರಬೇಕು. ಒಂದು ಗೆರೆ ಮಾತ್ರ ಎಳೆದಿದ್ದರು: 1948ರ ಏಪ್ರಿಲ್ 8 ಅಥವಾ ಅದಕ್ಕೆ ಮುಂಚೆ ಹುಟ್ಟಿದವರು ಹಳೆಯದರಲ್ಲೇ ಇರಬಹುದು. ಅದರ ಮಾರನೇ ದಿನ ಹುಟ್ಟಿದ್ದರೂ, ಪತ್ರ ಬರುವ ಹೊತ್ತಿಗೆ ನಿಮಗೆ ಎಪ್ಪತ್ತೇ ಆಗಿದ್ದರೂ, ಹೊಸದಾಗಿ ಅರ್ಜಿ ಹಾಕಬೇಕು. ದೊಡ್ಡಮ್ಮನಿಗೆ ಪತ್ರ ಬಂದದ್ದು 2018ರಲ್ಲಿ, 66ನೇ ವಯಸ್ಸಿಗೆ. 28 ದಿನದೊಳಗೆ ಫೋನ್ ಮಾಡಿ ಅರ್ಜಿ ಶುರು ಮಾಡದಿದ್ದರೆ ಹಳೆಯ ಹಣ ನಿಲ್ಲುತ್ತೆ ಅಂತಿತ್ತು. ನಾನಾಗ ಕಂಪನಿ ಕೆಲಸದ ಮೇಲೆ ಅಲ್ಲೇ ಇದ್ದೆ. ಶನಿವಾರ ಭಾನುವಾರ ಅವರ ಮನೆಯಲ್ಲೇ ಊಟ. ದೊಡ್ಡಪ್ಪ ಹೋಗಿ ನಾಲ್ಕು ವರ್ಷ ಆಗಿತ್ತು. ಅವರಿದ್ದಾಗ ಕಾರಲ್ಲಿ ಕರೆದುಕೊಂಡು ಹೋಗೋರು. ಈಗ ಭತ್ಯೆಯ ಹಣ ಟ್ಯಾಕ್ಸಿಗೆ. ಲೈಬ್ರರಿ, ದೇವಸ್ಥಾನ, ಆಸ್ಪತ್ರೆ.

“ಫಾರಂ ಬಂದಿದೆ ನೋಡೇ, ನೀನು ಇದೇ ಕೆಲಸ ಮಾಡೋಳಲ್ವಾ,” ಅಂದರು.

ಹೌದು, ನಾನು ಅದೇ ಕೆಲಸ ಮಾಡೋಳು. ಜನ ತುಂಬೋ ಫಾರಂಗಳನ್ನ ವಿನ್ಯಾಸ ಮಾಡಿ ಸಂಬಳ ತಗೊಳ್ತೀನಿ. ಹಾಗಾಗಿ ಆ ಫಾರಮನ್ನ ನಾನು ಮೊದಲು ಓದಿದ್ದು ಕಸುಬಿನ ಕಣ್ಣಲ್ಲೇ. ನಿಜ ಹೇಳ್ತೀನಿ, ಮೊದಲ ಓದಿಗೆ ಇಷ್ಟವಾಯಿತು. ನಮ್ಮಲ್ಲಿ ಅಂಗವೈಕಲ್ಯ ಅಂದರೆ ಡಾಕ್ಟರು ಬರೆದುಕೊಡುವ ಶೇಕಡಾ ಲೆಕ್ಕ. 40 ದಾಟಿದರೆ ಸೌಲಭ್ಯ, 39 ಆದರೆ ಇಲ್ಲ. ಪಿಪ್ ದೇಹವನ್ನ ಹಾಗೆ ತೂಗಲ್ಲ, ಕಾಯಿಲೆಯ ಹೆಸರಿಗೂ ಅಂಕ ಕೊಡಲ್ಲ. ನಿಮ್ಮ ದಿನ ಹೇಗೆ ಹೋಗುತ್ತೆ ಅಂತ ಕೇಳುತ್ತೆ. ಒಟ್ಟು 12 ಕೆಲಸ. ಅಡುಗೆ, ಊಟ, ಸ್ನಾನ, ಶೌಚ, ಬಟ್ಟೆ, ಮಾತು, ಓದು, ದುಡ್ಡಿನ ಲೆಕ್ಕ ಹೀಗೆ ದಿನಚರಿಯ ಹತ್ತು, ಓಡಾಟದ ಎರಡು. ಪ್ರತಿಯೊಂದಕ್ಕೂ ಅಂಕ. ಒಂದು ಭಾಗದಲ್ಲಿ 8 ಬಂದರೆ ಸಾಧಾರಣ ದರ, 12 ಬಂದರೆ ಹೆಚ್ಚಿನ ದರ. ಸಹಾಯವಿಲ್ಲದೆ ಮಾಡಬಲ್ಲೆ ಅಂದರೆ ಸೊನ್ನೆ.

ಅದರ ಒಳಗಿನ ವ್ಯಾಖ್ಯಾನಗಳನ್ನ ಓದೋಕೆ ಶುರು ಮಾಡಿದ ಮೇಲೆ ಇಷ್ಟ ಕಡಿಮೆಯಾಗ್ತಾ ಬಂತು. ‘ಸರಳ ಊಟ’ ಅಂದರೆ ತಾಜಾ ಪದಾರ್ಥಗಳಿಂದ ಒಬ್ಬರಿಗೆ ಮಾಡಿದ ಒಂದು ಬಿಸಿ ಅಡುಗೆ. ‘ಬೇಯಿಸುವುದು’ ಅಂದರೆ ಸೊಂಟದ ಎತ್ತರದಲ್ಲಿ ಅಥವಾ ಅದಕ್ಕಿಂತ ಮೇಲೆ ಬಿಸಿ ಮಾಡುವುದು. ಇದನ್ನ ಕನ್ನಡಕ್ಕೆ ಹೇಳಿದಾಗ ದೊಡ್ಡಮ್ಮ ನಕ್ಕುಬಿಟ್ಟರು. “ಒಬ್ಬರಿಗೆ ಅಡುಗೆ ಮಾಡೋದು ಕಲಿತಿದ್ದೇ ನಾಲ್ಕು ವರ್ಷದಿಂದ ಕಣೇ. ಅದಕ್ಕೂ ಕಷ್ಟ ಇದೆ, ಅದಕ್ಕೆ ಅಂಕ ಇದೆಯಾ?” ಮುದ್ದೆ ಮಾಡೋದು ಅವರು ಬಿಟ್ಟು ಎರಡು ವರ್ಷ ಆಗಿತ್ತು. ಪಾತ್ರೆ ಒಲೆಯಿಂದ ಕೆಳಗಿಳಿಸಿ, ಕೂತು, ಕೋಲು ಹಾಕಿ ತಿರುವಬೇಕಲ್ಲ. ಸೊಂಟಕ್ಕಿಂತ ಕೆಳಗಿನ ಅಡುಗೆ. ಫಾರಮಿನ ಲೆಕ್ಕಕ್ಕೆ ಅದು ಬರಲ್ಲ. ಎತ್ತರದ ಸ್ಟೂಲಿನ ಮೇಲೆ ಕೂತು ಅನ್ನ ಸಾರು ಮಾಡ್ತಾರೆ, ಆ ಸ್ಟೂಲಿಗೆ 2 ಅಂಕ. ಷವರಿನ ಕೆಳಗಿನ ಕುರ್ಚಿಗೆ 2. ಸಾಕ್ಸು ಶೂ ಹಾಕಿಕೊಳ್ಳೋ ಉದ್ದ ಹಿಡಿಕೆಯ ಸಾಧನಕ್ಕೆ 2.

ಆದರೆ ತೊಡಕಾದದ್ದು ಈ ವಿವರಗಳಲ್ಲಿ ಅಲ್ಲ, ದೊಡ್ಡಮ್ಮ ಉತ್ತರ ಕೊಡುವ ರೀತಿಯಲ್ಲಿ.

“ಮೆಟ್ಟಿಲು ಹತ್ತೋಕೆ?”
“ಪರವಾಗಿಲ್ಲ.”
“ಅಂಗಡಿಗೆ ಹೋಗೋಕೆ?”
“ಪರವಾಗಿಲ್ಲ, ನಿಧಾನಕ್ಕೆ ಹೋಗ್ತೀನಿ.”
“ಟಾಯ್ಲೆಟ್ಟು?”
“ಅದೆಲ್ಲ ಯಾಕೆ ಬರೀತೀಯ. ತೊಂದರೆ ಇಲ್ಲ ಅಂತ ಹಾಕು.”

ಹಾಕಿದೆ.

ಈ ‘ಪರವಾಗಿಲ್ಲ’ ನಮಗೆಲ್ಲ ಗೊತ್ತಿರೋದೇ. ಅದು ಸುಳ್ಳಲ್ಲ, ನಿಜವೂ ಅಲ್ಲ. ನೋವಿದೆ, ಆದರೆ ನಿನಗೆ ತೊಂದರೆ ಕೊಡಲ್ಲ ಅಂತ ಅದರರ್ಥ. ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡ ಹುಡುಗಿ ಶಾಲೆಗೆ ಹೋಗಿ, ಓದಿ, ಮದುವೆಯಾಗಿ, ಪರದೇಶದಲ್ಲಿ ಸಂಸಾರ ಮಾಡಿದ್ದು ಆ ಒಂದು ಪದದ ಮೇಲೆ. ಈಗ 66ಕ್ಕೆ ಒಂದು ಫಾರಂ ಬಂದು, ಅಮ್ಮಾ, ಅದನ್ನ ಪಕ್ಕಕ್ಕಿಡಿ, ಏನೇನು ಆಗಲ್ಲ ಅಂತ ಒಂದೊಂದಾಗಿ ನಿಮ್ಮ ಕೈಯಾರೆ ಬರೆದುಕೊಡಿ ಅನ್ನುತ್ತೆ.

ಸರ್ಕಾರದ ವಾದವೂ ಇದೆ, ಅದನ್ನೂ ಹೇಳಬೇಕು. ಹಳೆಯ ಭತ್ಯೆ ಒಮ್ಮೆ ಸಿಕ್ಕಿತು ಅಂದರೆ ಬಹಳ ಜನರ ವಿಷಯದಲ್ಲಿ ಆಮೇಲೆ ಯಾರೂ ತಿರುಗಿ ನೋಡ್ತಾ ಇರಲಿಲ್ಲ. ಸ್ಥಿತಿ ಹದಗೆಟ್ಟವರಿಗೆ ಹೆಚ್ಚು ಸಿಗಬೇಕಾಗಿದ್ದರೂ ಸಿಗ್ತಾ ಇರಲಿಲ್ಲ. ಹೊಸದರಿಂದ ಕೆಲವರಿಗೆ ಹಣ ಜಾಸ್ತಿಯಾಯಿತು, ಅದು ನಿಜ. ನಿಯಮದಲ್ಲೂ ಒಳ್ಳೆಯ ಮಾತಿದೆ: ಒಂದು ಕೆಲಸ ‘ಮಾಡಬಲ್ಲೆ’ ಅಂದರೆ ಅದನ್ನ ಸುರಕ್ಷಿತವಾಗಿ, ಒಪ್ಪುವಷ್ಟು ಚೆನ್ನಾಗಿ, ಬೇಕಾದಷ್ಟು ಸಲ, ಬೇರೆಯವರಿಗಿಂತ ದುಪ್ಪಟ್ಟು ಹೊತ್ತು ಮೀರದೆ ಮಾಡಲು ಆಗಬೇಕು. ತುಂಬಾ ಮಾನವೀಯವಾದ ಸಾಲು. ಆದರೆ ‘ಪರವಾಗಿಲ್ಲ’ ಅನ್ನೋರ ನೆರವಿಗೆ ಅದು ತಾನಾಗೇ ಬರಲ್ಲ. ನೀವೇ ಬಾಯಿಬಿಟ್ಟು ಹೇಳಬೇಕು.

ಮೌಲ್ಯಮಾಪನಕ್ಕೆ ಹೋದೆವು. ಕೂರಿಸಿ ಮಾತಾಡಿಸಿದವರು ಸಭ್ಯರು. ನೀರು ಬೇಕಾ ಅಂತ ಕೇಳಿದರು. ದೊಡ್ಡಮ್ಮನಿಗೆ ಒಳ್ಳೆಯ ಇಂಗ್ಲಿಷ್ ಬರುತ್ತೆ, ದುಭಾಷಿ ಬೇಕಿರಲಿಲ್ಲ. ಅವರ ‘ಪರವಾಗಿಲ್ಲ’ಕ್ಕೆ ಇಂಗ್ಲಿಷಿನಲ್ಲಿ ‘ಐ ಮ್ಯಾನೇಜ್’ ಅಂತಾರೆ. ವರದಿ ಬಂದಾಗ ನೋಡಿದರೆ ಆ ಎರಡು ಪದ ಪುಟಪುಟದಲ್ಲೂ ಇತ್ತು.

ಓಡಾಟದ ಲೆಕ್ಕ ಹೀಗೆ. ಡಿಎಲ್‌ಎ ಕಾಲದಲ್ಲಿ ರೂಢಿಯಲ್ಲಿದ್ದ ಅಳತೆ ಸುಮಾರು 50 ಮೀಟರ್. ಪಿಪ್‌ನಲ್ಲಿ ಹೆಚ್ಚಿನ ದರಕ್ಕೆ 20. ಎರಡು ಬಿಎಂಟಿಸಿ ಬಸ್ಸು ಒಂದರ ಹಿಂದೊಂದು ನಿಂತರೆ 20 ಮೀಟರ್ ದಾಟುತ್ತೆ. ಅಷ್ಟು ದೂರ ಕೋಲು ಹಿಡಿದು ನಡೀತಾರೆ ಅಂತ ದೊಡ್ಡಮ್ಮನಿಗೆ ಬಂದದ್ದು 10 ಅಂಕ. ವಾರಕ್ಕೆ 59.75 ಪೌಂಡ್ ಇದ್ದದ್ದು 22.65ಕ್ಕೆ ಇಳಿಯಿತು. ನಡೆದ ಮೇಲೆ ಏನಾಗುತ್ತೆ ಅನ್ನೋದು ವರದಿಯಲ್ಲಿ ಇರಲಿಲ್ಲ. ಪೋಲಿಯೊ ಬಂದು ದಶಕಗಳಾದ ಮೇಲೆ ಮತ್ತೆ ಶಕ್ತಿ ಕುಂದುವ ಒಂದು ಸ್ಥಿತಿ ಇದೆ, ಪೋಸ್ಟ್-ಪೋಲಿಯೊ ಅಂತ. ಇವತ್ತು ಜಾಸ್ತಿ ನಡೆದರೆ ನಾಳೆ ಹಾಸಿಗೆ. ಆ ನಾಳೆಯನ್ನ ದೊಡ್ಡಮ್ಮ ಹೇಳಿರಲಿಲ್ಲ. ದಿನಚರಿಯ ಭಾಗದಲ್ಲಿ 6 ಅಂಕ, ಅಂದರೆ ಏನೂ ಇಲ್ಲ.

ವಯಸ್ಸಾದವರಿಗೆ ಇದರಲ್ಲಿ ಇನ್ನೊಂದು ಕುತ್ತಿದೆ. ಆ ವಯಸ್ಸು ದಾಟಿದ ಮೇಲೆ, ಮುಂದೆ ಕಾಲು ಎಷ್ಟೇ ಕೆಟ್ಟರೂ ಓಡಾಟದ ದರವನ್ನ ಸಾಧಾರಣದಿಂದ ಹೆಚ್ಚಿಗೆ ಏರಿಸೋದಿಲ್ಲ. ಆ ವಯಸ್ಸಿನಲ್ಲಿ ಹೊಸದಾಗಿ ಅರ್ಜಿ ಹಾಕೋರಿಗೆ ಪಿಪ್ ಸಿಗೋದೇ ಇಲ್ಲ. ಅವರಿಗಿರುವ ಅಟೆಂಡೆನ್ಸ್ ಅಲೊವೆನ್ಸ್‌ನಲ್ಲಿ ಓಡಾಟದ ಭಾಗವೇ ಇಲ್ಲ. ಅಂದರೆ ಈ ಒಂದು ಸಲ ತಪ್ಪಿದರೆ ತಪ್ಪಿದ ಹಾಗೇ. ಮರುಪರಿಶೀಲನೆ ಕೇಳಿದೆವು. ಬದಲಾವಣೆ ಇಲ್ಲ ಅಂತ ಉತ್ತರ ಬಂತು. ಇನ್ನು ಟ್ರಿಬ್ಯುನಲ್ಲು. ದೊಡ್ಡಮ್ಮ, “ಬಿಡೇ, ದೇವಸ್ಥಾನಕ್ಕೆ ತಿಂಗಳಿಗೊಂದು ಸಲ ಹೋದರಾಯ್ತು, ಪರವಾಗಿಲ್ಲ,” ಅಂದರು.

ಆ ಚಳಿಗಾಲದಲ್ಲೇ ಅವರಿಗೆ ಸಿನಿಮಾ ತೋರಿಸಿದ್ದು. ಹುರುಪು ಬರಲಿ, ಮೇಲ್ಮನವಿಗೆ ಒಪ್ಪಲಿ ಅನ್ನೋ ದುರಾಸೆ. ಸಿನಿಮಾದ ಭತ್ಯೆ ಬೇರೆ. ಕೆಲಸ ಮಾಡಲಾಗದವರಿಗೆ ಇದ್ದ ಹಳೆಯದನ್ನ ತೆಗೆದು 2008ರಲ್ಲಿ ತಂದ ಇನ್ನೊಂದು. ಆದರೆ ಕಥೆ ಅದೇ: ಹಳೆಯದು ಹೋಯ್ತು, ಹೊಸದು ಬಂತು, ಪ್ರಶ್ನಾವಳಿ, ಅಂಕ. ನ್ಯೂಕ್ಯಾಸಲ್ಲಿನ 59ರ ಬಡಗಿ ಡೇನಿಯಲ್, ಡೇವ್ ಜಾನ್ಸ್ ಮಾಡಿದ ಪಾತ್ರ, ಕಚೇರಿಯಲ್ಲಿ ವಾದ ಮಾಡ್ತಾನೆ, ಕೊನೆಗೆ ಆ ಕಚೇರಿಯ ಗೋಡೆ ಮೇಲೇ ಬಣ್ಣದಲ್ಲಿ ಬರೀತಾನೆ. ಬೀದಿಯಲ್ಲಿ ಜನ ಚಪ್ಪಾಳೆ ತಟ್ಟುತ್ತಾರೆ. ಬೆಂಗಳೂರಲ್ಲಿ ನಾವೂ ತಟ್ಟಿದ್ದೆವು. ದೊಡ್ಡಮ್ಮ ತಟ್ಟಲಿಲ್ಲ.

“ಇವನಿಗೆ ಕೋಪ ಬರುತ್ತೆ,” ಅಂದರು. “ಕೋಪ ಬರೋರಿಗೆ ಅಷ್ಟು ಕಷ್ಟ ಇಲ್ಲ ಕಣೇ.”

ಅಷ್ಟು ಕಷ್ಟ ಇಲ್ಲ ಅನ್ನೋದು ಪೂರ್ತಿ ಸರಿಯಲ್ಲ. ಡೇನಿಯಲ್ ಮೇಲ್ಮನವಿಯ ವಿಚಾರಣೆ ಶುರುವಾಗೋ ಮುಂಚೆಯೇ ಸಾಯ್ತಾನೆ. ಆದರೂ ನನ್ನ ವಿಮರ್ಶೆ ತಿರುಗಿದ್ದು ಅವರ ಆ ಮಾತಿನಿಂದ. ಲೋಚ್ ಅವರ ಸಿನಿಮಾ ನಂಬಿರುವುದು ಕೋಪವನ್ನ. ಅದಕ್ಕೇ ಅದರಲ್ಲಿ ಒರಟು ಸಿಬ್ಬಂದಿ ಬೇಕು, ಬಾಗಿಲಿನ ಕಾವಲುಗಾರ ಬೇಕು. ನಾಯಕ ಎಲ್ಲರಿಗೂ ಒಳ್ಳೆಯವನಾಗಿರಬೇಕು. ಕೋಪ ಬಂದಾಗ ನೋಡೋರಿಗೆ ಯಾರ ಪಕ್ಷ ಅಂತ ಗೊಂದಲ ಇರಬಾರದಲ್ಲ. ನಮ್ಮ ಅನುಭವದಲ್ಲಿ ಒರಟರು ಯಾರೂ ಇರಲಿಲ್ಲ. ಎಲ್ಲರೂ ನಯವಾಗಿ ಮಾತಾಡಿದರು, ಹಣ ಹೋಯಿತು. ಅಲ್ಲಿ ಕೆಲಸ ಮಾಡಿದ್ದು ಸಂಕೋಚ. ಸಿನಿಮಾದಲ್ಲಿ ಸಂಕೋಚ ಒಂದೇ ಒಂದು ಕಡೆ ಪೂರ್ತಿಯಾಗಿ ಬರುತ್ತೆ: ಹೇಯ್ಲಿ ಸ್ಕ್ವೈರ್ಸ್ ಮಾಡಿದ ಕೇಟಿ, ಮಕ್ಕಳಿಗೆ ತಿನ್ನಿಸಿ ತಾನು ಉಪವಾಸ ಇದ್ದವಳು, ದಾನದ ಆಹಾರ ಕೊಡೋ ಜಾಗದಲ್ಲಿ ನಿಂತಲ್ಲೇ ಡಬ್ಬಿ ತೆರೆದು ಕೈಯಲ್ಲೇ ತಿಂದುಬಿಡ್ತಾಳೆ. ತಕ್ಷಣ ನಾಚಿಕೆಯಿಂದ ಕುಗ್ಗಿ ಅಳ್ತಾಳೆ. ಅಲ್ಲಿ ಯಾರೂ ಕೆಟ್ಟವರಿಲ್ಲ. ಎಲ್ಲರೂ ಸಮಾಧಾನ ಮಾಡೋರೇ. ಇಡೀ ಸಿನಿಮಾದ ಅತ್ಯುತ್ತಮ ದೃಶ್ಯ ಅದು. ದೊಡ್ಡಮ್ಮ ಟಿವಿಯಿಂದ ಮುಖ ತಿರುಗಿಸಿದ್ದೂ ಅಲ್ಲೇ.

ಮಾರನೇ ದಿನ ಕಾಫಿ ಕುಡೀತಾ, “ಹಾಕು ಆ ಮೇಲ್ಮನವಿ,” ಅಂದರು. ಕಾರಣ ಕೇಳಲಿಲ್ಲ ನಾನು.

2019ರಲ್ಲಿ ವಿಚಾರಣೆ. ಒಂದು ಸಾಮಾನ್ಯ ಕೋಣೆ, ಉದ್ದ ಮೇಜು, ಮೂವರು: ಒಬ್ಬರು ನ್ಯಾಯಾಧೀಶರು, ಒಬ್ಬರು ಡಾಕ್ಟರು, ಅಂಗವೈಕಲ್ಯದ ಅನುಭವ ಇರುವ ಇನ್ನೊಬ್ಬರು. ಡಾಕ್ಟರು ನಡೆಯೋದರ ಬಗ್ಗೆ ಕೇಳಲಿಲ್ಲ. ನಡೆದ ಮಾರನೇ ದಿನದ ಬಗ್ಗೆ ಕೇಳಿದರು. ದೊಡ್ಡಮ್ಮ ನಿಧಾನಕ್ಕೆ ಹೇಳಿದರು. ಆಮೇಲೆ ಮೂರನೆಯವರು, ಒಬ್ಬ ಹೆಂಗಸು, ಶೌಚಾಲಯದಲ್ಲಿ ಕೂತು ಏಳುವುದು ಹೇಗೆ, ಹಿಡಿದುಕೊಳ್ಳೋಕೆ ಏನಾದರೂ ಇದೆಯಾ ಅಂದರು. ದೊಡ್ಡಮ್ಮ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಹೇಳಲೇಬೇಕಾ?” ಅಂತ ಕೇಳಿದರು. ನಾನು ಹೂಂ ಅಂದೆ. ಗೋಡೆಗೆ ಹಾಕಿಸಿದ ಎರಡು ಹಿಡಿಕಂಬಿಗಳ ಬಗ್ಗೆ, ಅವಿಲ್ಲದ ಕಡೆ ಹೋದರೆ ಇಡೀ ದಿನ ನೀರೇ ಕುಡಿಯದೆ ಇರೋದರ ಬಗ್ಗೆ ಹೇಳಿದರು. ನೀರಿನ ವಿಷಯ ನನಗೂ ಗೊತ್ತಿರಲಿಲ್ಲ. ನಾವಿಬ್ಬರೂ ಎಷ್ಟು ಸಲ ಹೊರಗೆ ಹೋಗಿದ್ದೆವು.

ಹಿಡಿಕಂಬಿಗೆ 2 ಅಂಕ. ಆರು ಎಂಟಾಯಿತು. ಓಡಾಟಕ್ಕೆ 12 ಬಂತು. ಗೆದ್ದೆವು. ಟ್ಯಾಕ್ಸಿಯಲ್ಲಿ ವಾಪಸ್ ಬರ್ತಾ ದೊಡ್ಡಮ್ಮ ಮಾತಾಡಲಿಲ್ಲ. ಮನೆಗೆ ಬಂದು ಕ್ಯಾಲಿಪರ್ ಬಿಚ್ಚುತ್ತಾ, “ನಿಮ್ಮ ದೊಡ್ಡಪ್ಪನ ಮುಂದೂ ಇದನ್ನೆಲ್ಲ ಹೇಳಿರಲಿಲ್ಲ,” ಅಂದರು.

ಹಾಗಾಗಿ ಫಾರಮಿನ ಬಗ್ಗೆ ನನ್ನ ತೀರ್ಮಾನ ಇದು. ಅದು ಕ್ರೂರ ಅಂತ ನಾನು ಹೇಳಲ್ಲ. ಹೇಳಿಕೊಳ್ಳಲು ಬರುವವರಿಗಾಗಿ ಮಾಡಿದ್ದು ಅದು. ಹೇಳಿಕೊಳ್ಳದೇ ಬದುಕಿದವರನ್ನ, ಹೇಳಿಕೊಳ್ಳದ ಕಾರಣಕ್ಕೇ ಬದುಕಿದವರನ್ನ, ಮುಪ್ಪಿನಲ್ಲಿ ಅದರ ಮುಂದೆ ಕೂರಿಸಿದ್ದು ತಪ್ಪು. 1948ರ ಆ ಗೆರೆಯನ್ನ ಇನ್ನಷ್ಟು ಈಚೆಗೆ ಎಳೆದಿದ್ದರೆ ಸರ್ಕಾರ ಏನೂ ಮುಳುಗಿಹೋಗ್ತಾ ಇರಲಿಲ್ಲ. 2019ರಲ್ಲಿ ಪಿಪ್ ಪಡೀತಿರೋ ಪಿಂಚಣಿ ವಯಸ್ಸಿನವರಿಗೆ ಪದೇಪದೇ ಮರುಮೌಲ್ಯಮಾಪನ ಮಾಡೋದನ್ನ ಅವರೇ ಕೈಬಿಟ್ಟರು. ಆದರೆ ಡಿಎಲ್‌ಎಯಿಂದ ಬರೋ ಹಿರಿಯರಿಗೆ ಆ ಮೊದಲ ಪರೀಕ್ಷೆ ತಪ್ಪಲಿಲ್ಲ.

ಸಿನಿಮಾ ನೋಡಿ, ಖಂಡಿತ ನೋಡಿ. ಗೋಡೆಬರಹಕ್ಕಿಂತ ಆ ಡಬ್ಬಿಯ ದೃಶ್ಯವನ್ನ ಎರಡು ಸಲ ನೋಡಿ. ನಮ್ಮಲ್ಲೂ ಅಪ್ಪ ಅಮ್ಮಂದಿರ ಆರೋಗ್ಯ ವಿಮೆ, ಪಿಂಚಣಿ, ಅಂಗವೈಕಲ್ಯದ ಗುರುತಿನ ಚೀಟಿ ಅಂತ ಫಾರಂ ತುಂಬೋರು ಈಗ ನಾವೇ ತಾನೆ. ಲ್ಯಾಪ್‌ಟಾಪ್ ಮುಂದೆ ಕೂತು ‘ಆಗುತ್ತಾ?’ ಅಂತ ಕೂಗಿ ಕೇಳಬೇಡಿ. ‘ಆಗುತ್ತೆ’ ಅಂತಲೇ ಬರುತ್ತೆ ಉತ್ತರ. ಪಕ್ಕದಲ್ಲಿ ಕೂತು ಹೇಗೆ ಮಾಡ್ತೀರಿ, ಎಷ್ಟು ಹೊತ್ತು ಹಿಡಿಯುತ್ತೆ, ಮಾರನೇ ದಿನ ಹೇಗಿರುತ್ತೆ ಅಂತ ಕೇಳಿ.

ನಾನೀಗ ಬೆಂಗಳೂರಲ್ಲಿದ್ದೀನಿ. ಭಾನುವಾರ ದೊಡ್ಡಮ್ಮನಿಗೆ ಫೋನ್ ಮಾಡ್ತೀನಿ. “ಹೇಗಿದ್ದೀರಿ?” ಅಂದರೆ ಈಗಲೂ “ಪರವಾಗಿಲ್ಲ ಕಣೇ” ಅಂತಾರೆ. “ಇವತ್ತು ನೀರು ಕುಡಿದ್ರಾ?” ಅಂತ ಕೇಳ್ತೀನಿ.