ಬಾನುಲಿಯೂ ಊರಿನ ವಾರ್ತೆಯೂ

ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ರೈಲು ಹಾದುಹೋಗುತ್ತದೆ. ದಕ್ಷಿಣಕ್ಕೆ ದೊಡ್ಡಬಳ್ಳಾಪುರ, ಅದರಾಚೆ ಬೆಂಗಳೂರು. 1955ರ ನವೆಂಬರಿನಲ್ಲಿ ಬೆಂಗಳೂರು ಬಾನುಲಿ ನಿಲಯವು ಆರಂಭವಾಯಿತು. ಅಲ್ಲಿಯ ವಾರ್ತೆ ಈ ಊರಿಗೆ ಬಂದಿತು. ಈ ಊರಿನ ವಾರ್ತೆ ಅಲ್ಲಿಗೆ ಎಷ್ಟರಮಟ್ಟಿಗೆ ಹೋಯಿತು? ಕನ್ನಡ ಬಾನುಲಿಯ ಚರಿತ್ರೆಯನ್ನು ವಿಮರ್ಶಿಸುವವರು ಈ ಪ್ರಶ್ನೆಯನ್ನು ಎತ್ತಲೇಬೇಕೆಂದು ನಾವು ಭಾವಿಸುತ್ತೇವೆ.

ಆ ಚರಿತ್ರೆಯ ಆರಂಭವು ಸುವಿದಿತವಾದುದು. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ, 30 ವಾಟ್ ಶಕ್ತಿಯ ಯಂತ್ರದಿಂದ, ಪ್ರಸಾರವನ್ನು ತೊಡಗಿಸಿದರು. ಆ ನಿಲಯದ 'ಆಕಾಶವಾಣಿ' ಎಂಬ ಹೆಸರನ್ನು ಮುಂದೆ ಇಡೀ ದೇಶವೇ ಸ್ವೀಕರಿಸಿತು. ನಮ್ಮ ಲೇಖಕರು ಬಹುಮಟ್ಟಿಗೆ ಈ ಹೆಮ್ಮೆಯಲ್ಲಿಯೇ ನಿಂತುಬಿಡುತ್ತಾರೆ. ಹೆಸರನ್ನು ಸೂಚಿಸಿದವರು ಯಾರೆಂಬ ಚರ್ಚೆಗೆ ಸಂದ ಪುಟಗಳಲ್ಲಿ ಅರ್ಧದಷ್ಟಾದರೂ ವಾರ್ತೆಯ ವಿಚಾರಕ್ಕೆ ಮೀಸಲಾಗಿದ್ದರೆ ಲೇಸಾಗುತ್ತಿತ್ತು.

ಅದೇ ವರ್ಷದ ಜುಲೈ 31ರಂದು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಬಾನುಲಿ ಆರಂಭವಾಯಿತೆಂಬುದು ಗಮನಾರ್ಹ. ಗವರ್ನರ್ ಆರ್ನಲ್ಡ್ ಹಾಡ್ಸನ್ ಅವರ ಸರ್ಕಾರವು ಅಕ್ರಾ ನಗರದ ಸುಮಾರು 300 ಚಂದಾದಾರರಿಗೆ ತಂತಿಯ ಮೂಲಕ ಬಿ.ಬಿ.ಸಿ. ಕಾರ್ಯಕ್ರಮಗಳನ್ನು ತಲುಪಿಸಿತು. ಟ್ವಿ, ಫಾಂಟಿ, ಗಾ, ಎವೆ ಮೊದಲಾದ ದೇಶಭಾಷೆಗಳಲ್ಲಿ ವಾರ್ತೆ ಬಂದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಲ್ಲಿ ಆಳುವವರು ಕಟ್ಟಿದ ನಿಲಯಕ್ಕೆ ಜನಭಾಷೆ ತಡವಾಗಿ ಬಂದಿತು. ಇಲ್ಲಿ ಒಬ್ಬ ವಿದ್ವಾಂಸರು ಕಟ್ಟಿದ ನಿಲಯದಲ್ಲಿ ಕನ್ನಡದ ಸಾಹಿತ್ಯ ಸಂಗೀತಗಳಿಗೆ ಮೊದಲಿನಿಂದಲೂ ಸ್ಥಾನವಿದ್ದಿತು. ಆದರೆ ವಾರ್ತೆಯು ಕೇಳುಗರ ಕೈಗೆ ಬರಲಿಲ್ಲ. 1950ರಲ್ಲಿ ಮೈಸೂರು ನಿಲಯವು ಕೇಂದ್ರ ಸರ್ಕಾರದ ವಶವಾದ ಮೇಲಂತೂ ವಾರ್ತೆ ಸರ್ಕಾರದ ಸ್ವತ್ತೇ ಆಯಿತು.

ವೃತ್ತಪತ್ರಿಕೆಗಳ ಕಥೆ ಬೇರೆ. 1843ರ 'ಮಂಗಳೂರ ಸಮಾಚಾರ'ದಿಂದ ಮೊದಲಾದ ಆ ಪರಂಪರೆಯನ್ನು 1908ರ ಮೈಸೂರು ಪತ್ರಿಕಾ ಶಾಸನದಿಂದಲೂ ಅಡಗಿಸಲಾಗಲಿಲ್ಲ.

2006ರ ನೀತಿಯಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅನುಮತಿ ದೊರೆತಿದೆ. ಆದರೆ ಅಂಥ ನಿಲಯವು ಸ್ವಂತ ವಾರ್ತೆಯನ್ನು ಬಿತ್ತರಿಸುವಂತಿಲ್ಲ. ನೀರು ಸರಬರಾಜಿನ ಪ್ರಕಟಣೆಯನ್ನು ಓದಬಹುದು; ನೀರು ಏಕೆ ಬರಲಿಲ್ಲವೆಂದು ತಾನೇ ವಿಚಾರಿಸಿ ಸಿದ್ಧಪಡಿಸಿದ ವರದಿಯನ್ನು ವಾರ್ತೆಯೆಂದು ಓದಲಾಗದು. ಇದನ್ನು ವಿಕೇಂದ್ರೀಕರಣವೆಂದು ಕರೆಯಲು ನಮಗೆ ಸಂಕೋಚವಾಗುತ್ತದೆ.

ಈ ಅನುಮತಿಗೂ ಮುನ್ನ, 21ನೆಯ ಶತಮಾನದ ಆರಂಭದಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರವು ಗ್ರಾಮಸ್ಥರೇ ಸಿದ್ಧಪಡಿಸಿದ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಗಳಿಗೆ ಕಳುಹಿಸಿತು. ಅಕ್ರಾದ ತಂತಿಯಲ್ಲಿ ಹರಿದುದು ಲಂಡನ್ನಿನ ಧ್ವನಿ. ಬೂದಿಕೋಟೆಯ ತಂತಿಯಲ್ಲಿ ಹರಿದುದು ಪಕ್ಕದ ಬೀದಿಯದು.