ವಾಸಿಯಾಯಿತೆಂದು ಹೇಳುವುದು ಯಾವಾಗ?

ತೂಕ ಹೆಚ್ಚೀತೆಂಬ ತೀವ್ರ ಭಯದಿಂದ ಊಟವನ್ನು ಮಿತಿಮೀರಿ ಕಡಿಮೆ ಮಾಡುತ್ತಾ ಹೋಗುವ ಮಾನಸಿಕ ಕಾಯಿಲೆ ಅನೋರೆಕ್ಸಿಯ ನರ್ವೋಸ. ಹೆಸರಿನ ಅರ್ಥ ಹಸಿವಿಲ್ಲದಿರುವುದು ಎಂದಾದರೂ ರೋಗಿಗೆ ಸಾಮಾನ್ಯವಾಗಿ ಹಸಿವು ಇದ್ದೇ ಇರುತ್ತದೆ, ಅದನ್ನು ಹತ್ತಿಕ್ಕಲಾಗುತ್ತದೆ. ಈ ಕಾಯಿಲೆ ವಾಸಿಯಾಗುತ್ತದೆಯೆ? ಉತ್ತರವಾಗಿ ಉದ್ಧರಿಸುವ ಶೇಕಡಾವಾರು ಅಂಕಿಗಳನ್ನು ನೀವು ಎಚ್ಚರದಿಂದ ಓದಬೇಕು.

2002ರಲ್ಲಿ ಸ್ಟೈನ್‌ಹೌಸನ್ ಪ್ರಕಟಿಸಿದ ಸಮೀಕ್ಷೆ 119 ರೋಗಿಸಮೂಹಗಳ 5,590 ಮಂದಿಯನ್ನು ಒಟ್ಟುಗೂಡಿಸಿತು. ಬದುಕುಳಿದವರಲ್ಲಿ ಪೂರ್ತಿ ಗುಣವಾದವರು ಅರ್ಧಕ್ಕಿಂತ ಕಡಿಮೆ. ಸುಮಾರು ಮೂರನೇ ಒಂದು ಭಾಗ ಸುಧಾರಿಸಿದ್ದರು. ಐದನೇ ಒಂದು ಭಾಗದಲ್ಲಿ ರೋಗ ಹಾಗೆಯೇ ಉಳಿದಿತ್ತು. ಕೆಲವು ವರ್ಷ ಮಾತ್ರ ಗಮನಿಸಿದ ಸಮೂಹಗಳನ್ನೂ ದಶಕಗಳ ಕಾಲ ಹಿಂಬಾಲಿಸಿದವನ್ನೂ ಕೂಡಿಸಿ ತೆಗೆದ ಸರಾಸರಿ ಇದು. ಕಾಲ ಕಳೆದಂತೆ ಬದುಕಿದವರಲ್ಲಿ ಚೇತರಿಕೆ ಹೆಚ್ಚುವುದೂ, ಜೊತೆಗೆ ಸಾವಿನ ಸಂಖ್ಯೆ ಏರುವುದೂ ಅದೇ ಸಮೀಕ್ಷೆಯಲ್ಲಿದೆ. ಸರಾಸರಿಯೊಂದನ್ನೇ ಉದ್ಧರಿಸುವವರು ಇವೆರಡನ್ನೂ ಬಿಟ್ಟುಬಿಡುತ್ತಾರೆ.

ಅಮೆರಿಕದ ಬಾಸ್ಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದ ಗುಣವೆಂದರೆ ಒಂದೇ ಸಮೂಹವನ್ನು ಎರಡು ಬಾರಿ ಅಳೆದದ್ದು. ಅನೋರೆಕ್ಸಿಯ ಇದ್ದ ಮಹಿಳೆಯರಲ್ಲಿ 9ನೇ ವರ್ಷಕ್ಕೆ ಚೇತರಿಸಿಕೊಂಡವರು ಶೇ. 31.4, ಸುಮಾರು 22ನೇ ವರ್ಷಕ್ಕೆ ಶೇ. 62.8. ಒಂಬತ್ತನೇ ವರ್ಷದಲ್ಲೇ ಲೆಕ್ಕ ಮುಗಿಸಿದ್ದರೆ 'ಇದು ಬಹುತೇಕ ವಾಸಿಯಾಗದ ಕಾಯಿಲೆ' ಎಂಬ ತಪ್ಪು ತೀರ್ಮಾನ ಉಳಿಯುತ್ತಿತ್ತು. ಆದರೆ ಇದಕ್ಕೂ ಮಿತಿಗಳುಂಟು. ಇವರೆಲ್ಲ ಚಿಕಿತ್ಸೆ ಬಯಸಿ ಬಂದವರು. ಬುಲಿಮಿಯ ರೋಗಿಗಳೂ ಸೇರಿ ಆರಂಭದಲ್ಲಿದ್ದ 246 ಮಂದಿಯಲ್ಲಿ ಕೊನೆಯ ಹಂತಕ್ಕೆ ಸಿಕ್ಕವರು 176. ಸತ್ತವರು ಈ ಶೇಕಡಾ ಲೆಕ್ಕದಲ್ಲಿಲ್ಲ. ಕಾಲ ಕಳೆದರೆ ತಾನೇ ಗುಣವಾಗುತ್ತದೆಂದು ಇದನ್ನು ಓದಬಾರದು.

ನಮ್ಮ ಬೆಂಗಳೂರಿನ ಮಾಹಿತಿ ಏನು ಹೇಳುತ್ತದೆ? ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಗರದ 66 ಮನೋವೈದ್ಯರ ಪೈಕಿ ಮೂರರಲ್ಲಿ ಎರಡು ಭಾಗ ಆಹಾರಸೇವನೆಯ ಕಾಯಿಲೆಯ ರೋಗಿಯನ್ನು ಒಮ್ಮೆಯಾದರೂ ಕಂಡಿದ್ದರು. ಹಿಂದಿನ ಒಂದು ವರ್ಷದಲ್ಲಿ ಕಂಡವರು 74. ಇದು ಪಾಶ್ಚಾತ್ಯರ ರೋಗ, ನಮ್ಮಲ್ಲಿಲ್ಲ ಎಂಬ ನಂಬಿಕೆಯನ್ನು ಅಲುಗಿಸಲು ಇಷ್ಟು ಸಾಕು. ಆದರೆ ಇದು ವೈದ್ಯರ ಬಳಿಗೆ ಬಂದವರ ಎಣಿಕೆ. ಆ 74 ಮಂದಿ ಮುಂದೆ ಏನಾದರು ಎಂಬುದನ್ನು ಅದು ಕೇಳಲಿಲ್ಲ.

ಹನುಮಂತನಗರದ ಒಂದು ಶಾಲೆಯಲ್ಲಿ ನೀವು ಅಧ್ಯಾಪಕರೆಂದುಕೊಳ್ಳಿ. ವಿದ್ಯಾರ್ಥಿನಿಯೊಬ್ಬಳು ಇಳಿದುಹೋಗುತ್ತಿದ್ದಾಳೆ, ಡಬ್ಬಿಯ ಊಟವನ್ನು ದಿನವೂ ಹಂಚಿಬಿಡುತ್ತಾಳೆ, ಕೇಳಿದರೆ ವ್ರತವೆನ್ನುತ್ತಾಳೆ. ಬಾಸ್ಟನ್ನಿನ ಅಂಕಿಯನ್ನು ಅವಳ ಭವಿಷ್ಯವೆಂದು ಹೇಳುವಂತಿಲ್ಲ. ಮನೆಯವರೊಡನೆ ಮಾತಾಡಿ ಬೇಗ ವೈದ್ಯರಿಗೆ ತೋರಿಸುವುದು ನಿಮ್ಮ ಮೊದಲ ಕೆಲಸ. ಹತ್ತು ವರ್ಷದಿಂದ ನರಳುತ್ತಿರುವವರ ಮನೆಯವರು ಕೈಚೆಲ್ಲಿದರೆ 22ನೇ ವರ್ಷದ ಅಂಕಿಯನ್ನು ಅವರಿಗೆ ತಿಳಿಸಿ. ಚಿಕಿತ್ಸೆ ಬಿಡದಿರಲು ಅದು ಕಾರಣ. ಕಾದು ಕೂರಲು ನೆಪವಲ್ಲ.